ಚಿನ್ನುವಿನ ತಲೆಯೊಳಗಿನ ಬಟ್ಟೆ

ಬೊಂಬೆಯ ತಲೆಯೊಳಗೆ ತುರುಕಿದ್ದ ಬಟ್ಟೆ ಎಳೆದು ಹಾಕುತ್ತಿದ್ದ ಪ್ರಮೀಳಾಳ ಕೈ ಮೂರನೇ ತುಂಡಿಗೆ ನಿಂತುಬಿಟ್ಟಿತು. ಮಾಸಿದ ಹಳದಿ ಬಟ್ಟೆ, ಅಂಚಿಗೆ ಹಸಿರು ದಾರದ ಹೊಲಿಗೆ. ಆ ಹೊಲಿಗೆ ಅವಳದೇ.

ಸಿಂಧಘಟ್ಟದ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿ ಆಗಿತ್ತು. ಆಚೆ ಕಡೆ ಮಕ್ಕಳ ಗಲಾಟೆ. ಮುಂದಿನ ಕುರ್ಚಿಯಲ್ಲಿ ಆರೋಗ್ಯ ಇಲಾಖೆಯ ಮೇಡಮ್ಮು, ಪಕ್ಕದಲ್ಲಿ ಹೆಡ್ಮಾಸ್ತರು ಸೋಮಯ್ಯ. ಹೆಣ್ಣುಮಗು ಉಳಿಸಿ ಅನ್ನುವ ಬೊಂಬೆಯಾಟ. ಗಂಡ ಶ್ರೀನಾಥ್ ಆಡಿಸುವುದು ಅಪ್ಪನ ಬೊಂಬೆ. ಪ್ರಮೀಳಾ ಆಡಿಸುವುದು ಚಿನ್ನುವನ್ನು, ಇನ್ನೂ ಹುಟ್ಟದ ಮಗಳನ್ನು.

ಈ ಫೋಮಿನ ಬೊಂಬೆಗಳದ್ದು ದೊಡ್ಡ ರಗಳೆ. ಶ್ರೀನಾಥನ ಅಪ್ಪ ಮರದಲ್ಲಿ ಕೆತ್ತಿದ ಬೊಂಬೆಯನ್ನು ಎತ್ತಿ ಎಸೆದರೂ ಮೂಗು ಮುಕ್ಕಾಗುತ್ತಿರಲಿಲ್ಲ. ಫೋಮು ಹಾಗಲ್ಲ, ಖಾಲಿ ತಲೆಯಲ್ಲಿ ಪೆಟ್ಟಿಗೆಯೊಳಗೆ ಒಂದು ದಿನ ಮಲಗಿದರೆ ಸಾಕು, ಕೆನ್ನೆ ನೆಗ್ಗಿ ಮುದುಕಿಯಾಗಿ ಏಳುತ್ತದೆ. ಬಿಸಿನೀರಿನ ಹಬೆ ಹಿಡಿದು ಉಬ್ಬಿಸಿ ಒಳಗೆ ಬಟ್ಟೆ ತುಂಬಬೇಕು. ಪೇಪರು ತುರುಕಿದರೆ ಮೂಲೆ ಒತ್ತುತ್ತದೆ, ಹೊಸ ಬಟ್ಟೆ ಒರಟು. ಹತ್ತಾರು ಸಲ ಒಗೆದು ಬೆಣ್ಣೆಯಂತಾದ ಹಳೇ ಹತ್ತಿ ಬಟ್ಟೆಯೇ ಆಗಬೇಕು. ಹುಟ್ಟಿದ ಕೂಸಿಗೂ ಅದೇ ತಾನೆ? ಹೊಸದು ಮುಟ್ಟಿಸುವುದಿಲ್ಲ, ಹಳೇ ಸೀರೆ ಹರಿದು ಸುತ್ತುತ್ತಾರೆ. ಪ್ರಮೀಳಾ ತನ್ನ ಅವ್ವನ ಸೀರೆ ಹರಿದು ಅಂಚು ಹೊಲಿದ ಈ ತುಂಡುಗಳಲ್ಲೇ ಅವಳ ಇಬ್ಬರು ಹೆಣ್ಣುಮಕ್ಕಳೂ ಮೊದಲ ತಿಂಗಳು ಕಳೆದಿದ್ದರು. ಈಗ ಮತ್ತೆ ನಾಲ್ಕು ತಿಂಗಳು. ಮೂರನೆಯದಕ್ಕೆ ಅಂತ ಒಗೆದು, ಮಡಿಸಿ, ಗಂಟು ಕಟ್ಟಿ ಇಟ್ಟಿದ್ದಳು.

"ಇವ್ನ ಎಲ್ಲಿಂದ ತಂದ್ರಿ?"

"ಬೀರು ತಳದಲ್ಲಿತ್ತಲ್ಲ ಗಂಟು, ಅದೇ ಕಣೆ." ಶ್ರೀನಾಥ್ ಅಪ್ಪನ ಬೊಂಬೆಯ ಮೀಸೆ ತೀಡುತ್ತಿದ್ದ. "ಬೋ ಚೆನ್ನಾಗ್ ಕೂತ್ಕತು. ನೋಡು, ಕೆನ್ನೆ ಎಂಗ್ ನಿಂತದೆ."

"ಯಾತಕ್ಕೆ ಮಡಗಿದ್ದೆ ಅಂತ ಗೊತ್ತಿರ್ನಿಲ್ವಾ ನಿಮ್ಗೆ?"

"ಗೊತ್ತಿತ್ತು. ಇನ್ಯಾತಕ್ಕೆ ಬೇಕು ಅಂತ..." ಬಾಯಿ ಜಾರಿತ್ತು. ಅವನ ಕೈ ಮೀಸೆಯ ಮೇಲೇ ನಿಂತಿತು.

ಹೋದ ವಾರ ದೂರದ ಯಾವುದೋ ತೋಟದ ಮನೆಯಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ಮಾಡಿಸಿ ಬಂದಿದ್ದರು. ಇದೂ ಹೆಣ್ಣು. ಅವತ್ತಿನಿಂದ ಅತ್ತೆ ಚೆಲುವಮ್ಮ ಸೊಸೆಯ ಜೊತೆ ಮಾತು ಬಿಟ್ಟಿದ್ದಳು. ಶ್ರೀನಾಥ್ ಮಾತ್ರ, "ನಿಂಗೆ ಮನ್ಸಿಲ್ದಿದ್ರೆ ತೆಗ್ಸೋದ್ ಬ್ಯಾಡ ಬುಡು, ಯೋಚ್ನೆ ಮಾಡುವ" ಅಂದಿದ್ದ. ಆ ಒಂದು ಮಾತು ಹಿಡಿದುಕೊಂಡು ಪ್ರಮೀಳಾ ಎಂಟು ದಿನ ಉಂಡಿದ್ದಳು, ಮಲಗಿದ್ದಳು, ಹಾಡಿಕೊಂಡು ಬೊಂಬೆಗೆ ಜಡೆ ಕೂಡ ಹೆಣೆದಿದ್ದಳು.

"ಅಂದ್ರೆ ತೀರ್ಮಾನ ಮಾಡ್ಬುಟ್ರಾ?"

"ಈಗ ಅದೆಲ್ಲ ಯಾಕೆ? ಮಕ್ಕಳು ಕಾಯ್ತಾವ್ರೆ. ಕೈ ಹಾಕು ಬೊಂಬೆಗೆ."

ಪ್ರಮೀಳಾ ಒಳಗೆ ಉಳಿದಿದ್ದನ್ನೂ ಎಳೆದು ತೆಗೆದಳು. ಎಂಟು ತುಂಡು ಬಟ್ಟೆಯನ್ನೂ ಮಡಿಸಿ ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಿನ್ನುವಿನ ತಲೆಯೊಳಗೆ ಕೈ ಹಾಕಿದಳು.

ಆಟದ ಕೊನೆಗೆ ಚಿನ್ನು ಪರದೆಯಾಚೆಯಿಂದ ಇಣುಕಿ, "ಅಪ್ಪಾ, ನಾನು ಬರ್ಲಾ?" ಅಂತ ಕೇಳಬೇಕು. ನಾಗಮಂಗಲ, ಪಾಂಡವಪುರದ ಕಡೆ ಇಪ್ಪತ್ತು ಶಾಲೆಗಳಲ್ಲಿ ಕೀಚಲು ದನಿಯಲ್ಲಿ ಕೇಳಿ ಕೇಳಿ ಸವೆದ ಮಾತು. ಇವತ್ತು ಆ ಕೀಚಲು ದನಿ ಬರಲಿಲ್ಲ. ಬೊಂಬೆಯನ್ನು ಮೇಲೆತ್ತಿ, ಕೆಳಗೆ ಗಂಡನ ಮುಖವನ್ನೇ ನೋಡುತ್ತಾ, ತನ್ನ ಸ್ವಂತ ದನಿಯಲ್ಲಿ ಕೇಳಿದಳು.

"ಅಪ್ಪಾ, ನಾನು ಬರ್ಲಾ?"

ಅವನು ತಡವರಿಸುತ್ತಾನೆ ಅಂದುಕೊಂಡಿದ್ದಳು, ಪಾಪ. ಶ್ರೀನಾಥ್ ಮೇಲಕ್ಕೆ ನೋಡುತ್ತಲೇ ಎದೆ ತುಂಬಿದ ದನಿ ತೆಗೆದ. "ಬಾರವ್ವಾ ನನ್ನ ಬಂಗಾರ! ನೀನು ಬಂದರೆ ತಾನೇ ಇದು ಮನೆ!" ಒಂದಕ್ಷರ ತಪ್ಪಲಿಲ್ಲ. ಮಕ್ಕಳು ಹೋ ಅಂತ ಚಪ್ಪಾಳೆ ತಟ್ಟಿದರು. ಮೇಡಮ್ಮು ಕಣ್ಣೊರೆಸಿಕೊಂಡರು.

ಚಪ್ಪಾಳೆ ನಿಲ್ಲುವ ಮೊದಲೇ ಅವನು ಪೆಟ್ಟಿಗೆ ಎಳೆದುಕೊಂಡಿದ್ದ. "ಆ ಬಟ್ಟೆ ಕೊಡಿಲ್ಲಿ, ತುರುಕ್ಬುಡ್ತೀನಿ. ಖಾಲಿ ಬುಟ್ರೆ ದಾರೀಲಿ ಮುಖ ನೆಗ್ಗೋಯ್ತದೆ." ಆಮೇಲೆ ಅವಳ ಕಿವಿಯ ಹತ್ತಿರ ಬಗ್ಗಿದ. "ನಾಳೆ ಬೆಳಿಗ್ಗೆ ಆರಕ್ಕೆ ಬೆಳ್ಳೂರು ಕ್ರಾಸಿಗೆ ಕಾರು ಬತ್ತದೆ. ಅವ್ವ ಎಲ್ಲಾ ಮಾತಾಡವ್ಳೆ. ಒಂದ್ ಗಂಟೆ ಕೆಲ್ಸವಂತೆ, ತೆಗ್ಸಿ ಸಂಜೆಗೆ ಮನೇಗ್ ಬಂದ್ಬುಡ್ಬೋದು."

ಪ್ರಮೀಳಾ ಬಟ್ಟೆ ಕೊಡಲಿಲ್ಲ. ಬೊಂಬೆಯಿಂದ ಕೈಯನ್ನೂ ತೆಗೆಯಲಿಲ್ಲ. ಆಚೆ ಮಕ್ಕಳು ಎದ್ದು ಮಣ್ಣು ಕೊಡವಿಕೊಳ್ಳುತ್ತಿದ್ದರು. ಆಗ ಪರದೆಯ ಮೇಲೆ ಚಿನ್ನು ಮತ್ತೆ ತಲೆ ಎತ್ತಿತು. ಒಳಗೆ ಮುಷ್ಟಿ ಬಿಗಿದು ಒಂದು ಕೆನ್ನೆ ಪೂರಾ ಒಳಕ್ಕೆ ಹೋಗಿತ್ತು.

"ಕೂತ್ಕಳಿ ಮಕ್ಕಳೇ, ಆಟ ಇನ್ನೂ ಮುಗ್ದಿಲ್ಲ. ಮೇಡಂ, ನೀವೂ ಕೂತ್ಕಳಿ," ಅಂದಿತು ಚಿನ್ನು. "ನಮ್ಮಪ್ಪ ಈಗ ಪರದೆ ಹಿಂದೆ ಇನ್ನೊಂದು ಮಾತು ಹೇಳುದ್ರು. ಅದ್ನೂ ಹೇಳ್ಲಾ?"

"ಹೇಳೂ..." ಅಂತ ಇಡೀ ಶಾಲೆ ಕೂಗಿತು.