ಬ್ಯಾಟರಿಗೆ ಬಂದ ಜ್ವರ

ಜುಲೈ ತಿಂಗಳ ಕೊರೆಯುವ ಚಳಿಯಲ್ಲಿ ಇಂದ್ರೇಶನ ಬ್ಯಾಟರಿಗೆ ಜ್ವರ ಬಂದಿತ್ತು. ಸಿಡ್ನಿಯ ಅಂಚಿನ ಸ್ಕೋಫೀಲ್ಡ್ಸಿನಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವ ದಿನಗಳವು. ಆದರೂ ಗ್ಯಾರೇಜಿನ ಗೋಡೆಯ ಮೇಲಿನ ಸೋಲಾರ್ ಕಂಟ್ರೋಲರ್ ತನ್ನ ಪುಟ್ಟ ಪರದೆಯಲ್ಲಿ ಬ್ಯಾಟರಿಯ ಶಾಖ ನಲವತ್ತೈದು ಡಿಗ್ರಿ ಎನ್ನುತ್ತಿತ್ತು. ಅದೂ ಈಗಿನದ್ದಲ್ಲ; ನಿನ್ನೆ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗಿನದ್ದು. ಗಂಟೆಗಂಟೆಯ ಸಂಗತಿಯನ್ನೂ ನೆನಪಿಟ್ಟುಕೊಳ್ಳುವ ಯಂತ್ರ ಅದು. ಇಂದ್ರೇಶ್ ಗುಂಡಿ ಒತ್ತುತ್ತಾ ಹಿಂದಕ್ಕೆ ಹೋದ. ಮೊನ್ನೆಯೂ ಅಷ್ಟೇ, ಅದರ ಹಿಂದಿನ ದಿನವೂ ಅಷ್ಟೇ. ಶನಿವಾರ, ಭಾನುವಾರ ಮಾತ್ರ ಜ್ವರವಿಲ್ಲ! ಬ್ಯಾಟರಿಯನ್ನು ಮುಟ್ಟಿ ನೋಡಿದ. ತಣ್ಣಗೆ ಕೊರೆಯುತ್ತಿತ್ತು.

ಮೂರು ವಾರದಿಂದ ಆ ಬ್ಯಾಟರಿ ಪೂರ್ತಿ ತುಂಬಿದ್ದೇ ಇಲ್ಲ. ಸಂಜೆ ಏಳಾಯಿತೆಂದರೆ ಹಿತ್ತಲಿನ ಲೈಟು ಮಂಕಾಗುತ್ತಿತ್ತು. ಚಾರ್ಜಿನ ಮಿತಿಯನ್ನು ಅವನು ಹದಿನಾಲ್ಕು ಪಾಯಿಂಟ್ ನಾಲ್ಕು ವೋಲ್ಟಿನಿಂದ ಹದಿನಾಲ್ಕು ಪಾಯಿಂಟ್ ಆರಕ್ಕೆ ಏರಿಸಿದ್ದ, ಅಲ್ಲಿಂದ ಪಾಯಿಂಟ್ ಎಂಟಕ್ಕೆ ಏರಿಸಿದ್ದ. ಏನೂ ಉಪಯೋಗವಾಗಲಿಲ್ಲ.

ಅವನಿಗೆ ಯೋಚಿಸಲು ಬೇರೆ ಕೆಲಸವೂ ಇರಲಿಲ್ಲವೆನ್ನಿ. ಚಾಟ್ಸ್‌ವುಡ್ಡಿನ ಆಫೀಸಿನಲ್ಲಿ ಸಾಫ್ಟ್‌ವೇರಿನ ತಪ್ಪು ಹುಡುಕುವುದು ಅವನ ಕಸುಬು. ಒಂದು ಸೋಮವಾರ ಅವನನ್ನು ಕರೆದು, ಕೈ ಕುಲುಕಿ, ಮನೆಗೆ ಕಳಿಸಿದ್ದರು. ಹೆಂಡತಿ ಗಾನವಿಗೆ ಅದನ್ನು ಹೇಳಲು ನಾಚಿಕೆಯಿಂದ ಅವನಿಗೆ ಬಾಯಿ ಬರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡು ದಿನಾ ಬೆಳಿಗ್ಗೆ ಟೈ ಕಟ್ಟಿ, ಆಫೀಸಿನ ಗೇಟ್ ಕಾರ್ಡನ್ನು ಕೊರಳಿಗೆ ಹಾಕಿ, ಕಾರು ಹತ್ತಿ, ಆಫೀಸಿನ ದಿಕ್ಕು ಬಿಟ್ಟು ಸಿಡ್ನಿಯದೇ ಇನ್ನೊಂದು ಮೂಲೆಯಾದ ಲಿವರ್‌ಪೂಲಿನ ಲೈಬ್ರರಿಗೆ ಹೋಗಿ ಕೂರುತ್ತಿದ್ದ. ಹುಡುಕಲು ಉಳಿದ ತಪ್ಪೆಂದರೆ ಈ ಬ್ಯಾಟರಿಯದೊಂದೇ.

ಅಲ್ಲೇ ಹತ್ತಿರದಲ್ಲಿ ಬ್ಯಾಟರಿ ಅಂಗಡಿ ಇಟ್ಟಿದ್ದ ಚಕ್ರಪಾಣಿ ಅಂಕಲ್ ಎಲ್ಲವನ್ನೂ ಕೇಳಿಸಿಕೊಂಡು ನಕ್ಕರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ, ಹಾಗಾಯ್ತು ನಿನ್ನ ಕಥೆ. ಕಂಟ್ರೋಲರ್ ಸರಿಯಾಗೇ ಇದೆಯಪ್ಪಾ. ಬ್ಯಾಟರಿ ಮೇಲೆ ಬಟನ್ ಥರ ಒಂದು ಸೆನ್ಸರ್ ಅಂಟಿಸಿದೀಯಲ್ಲ, ಅದು ಬಿಸಿ ಆದ್ರೆ ಬ್ಯಾಟರಿನೇ ಕಾದಿದೆ ಅಂದ್ಕೊಂಡು ಚಾರ್ಜ್ ಕಮ್ಮಿ ಮಾಡತ್ತೆ."

"ಹಾಗಾದ್ರೆ ಸೆನ್ಸರ್ ಕೆಟ್ಟಿದೆಯಾ, ಅಂಕಲ್?"

"ಕೆಟ್ಟಿದ್ದು ವೀಕೆಂಡ್‌ನಲ್ಲಿ ಮಾತ್ರ ತಾನಾಗೇ ರಿಪೇರಿ ಆಗತ್ತಾ? ಯಾರೋ ಬಿಸಿ ಮಾಡ್ತಿದಾರೆ. ಒಂದಿನ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡು, ಗೊತ್ತಾಗತ್ತೆ."

ಹೇಳುವವರಿಗೇನು! ವಾರದ ನಡುವೆ ಬೆಳಿಗ್ಗೆ ಹತ್ತಕ್ಕೆ ಮನೆಗೆ ಹೋದರೆ ಗುಟ್ಟು ರಟ್ಟಾದಂತೆಯೇ. ಇಂದ್ರೇಶ್ ಎರಡು ದಿನ ತಡೆದುಕೊಂಡ. ಲೈಬ್ರರಿಯಲ್ಲಿ ಕೂತರೂ ಒಂಬತ್ತು ಹೊಡೆಯುತ್ತಿದ್ದಂತೆ, ಈಗ ಸೆನ್ಸರ್ ಬಿಸಿಯಾಗಲು ಶುರುವಾಗಿರಬೇಕು ಎನಿಸುತ್ತಿತ್ತು. ಪಕ್ಕದ ಮನೆಯ ಬೆಕ್ಕು ಬಂದು ಮಲಗುತ್ತಿದೆಯೇ? ಕಿಟಕಿಯ ಬಿಸಿಲು ಬೀಳುತ್ತಿದೆಯೇ? ಹಾಗಿದ್ದರೆ ಬೆಕ್ಕಿಗೂ ಬಿಸಿಲಿಗೂ ವಾರಾಂತ್ಯದ ರಜೆ ಕೊಟ್ಟವರು ಯಾರು? ಮೂರನೆಯ ದಿನ ಕುತೂಹಲದ ಕೈಯೇ ಮೇಲಾಯಿತು. ಕಾರನ್ನು ಬೀದಿಯ ತಿರುವಿನಲ್ಲಿ ನಿಲ್ಲಿಸಿ, ಕಳ್ಳನ ಹಾಗೆ ತನ್ನದೇ ಗ್ಯಾರೇಜಿನ ಪಕ್ಕದ ಬಾಗಿಲು ತಳ್ಳಿದ.

ಬ್ಯಾಟರಿಯ ನೆತ್ತಿಯ ಮೇಲೆ, ಸೆನ್ಸರನ್ನು ಮುಚ್ಚಿಕೊಂಡು ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಎಣ್ಣೆ ದೀಪ, ಹಿಂದೆ ಗೋಡೆಗೆ ಒರಗಿಸಿದ ದೇವರ ಫೋಟೋ. ಮುಂದೆ ಗಾನವಿ ಸ್ವೆಟರ್ ತೊಟ್ಟು, ಕಣ್ಣುಮುಚ್ಚಿ ಕೈಮುಗಿದು ನಿಂತಿದ್ದಳು.

"ಏನೇ ಇದು! ಬ್ಯಾಟರಿ ಮೇಲೆ ಬೆಂಕಿ ಇಡ್ತಾರಾ? ಚಾರ್ಜ್ ಆಗ್ವಾಗ ಗ್ಯಾಸ್ ಬಂದ್ರೆ ಮನೆನೇ ಹಾರಿಹೋಗತ್ತೆ!" ಇಂದ್ರೇಶ್ ನುಗ್ಗಿ ತಟ್ಟೆಯನ್ನು ಎತ್ತಿ, ದೂರದ ಉಪಕರಣದ ಪೆಟ್ಟಿಗೆಯ ಮೇಲಿಟ್ಟ.

ಗಾನವಿ ಬೆಚ್ಚಿಬಿದ್ದು ಹಿಂದೆ ಸರಿದಳು. "ಅಯ್ಯೋ, ನಂಗೇನ್ರೀ ಗೊತ್ತು? ದೀಪ, ಊದುಬತ್ತಿ ಒಳಗೆ ಹಚ್ಚಿದ್ರೆ ಸ್ಮೋಕ್ ಅಲಾರ್ಮ್ ಬಡ್ಕೊಳತ್ತೆ. ಹಾಗಂತ ದೇವರ ದೀಪ ನೆಲದ ಮೇಲೆ ಇಡೋಕಾಗತ್ತಾ? ಇಲ್ಲಿ ಮಟ್ಟಸವಾಗಿ ಕಾಣಿಸಿದ್ದು ಇದೊಂದೇ."

"ಮೂರು ವಾರದಿಂದ, ನಾನು ಮನೇಲಿ ಇಲ್ದಿರೋವಾಗ ನೋಡ್ಕೊಂಡು ಹಚ್ಚಿದೀಯ. ಗಂಡನ ಹತ್ರ ಮುಚ್ಚಿಡುವಂಥ ಹರಕೆ ಏನಪ್ಪಾ ಅದು?" ಸಿಕ್ಕಿಬಿದ್ದವನು ತಾನು ಎಂಬುದನ್ನೇ ಮರೆತು ಅವನು ಜೋರು ಮಾಡಿದ.

ಗಾನವಿ ಪೆಟ್ಟಿಗೆಯ ಬಳಿ ಹೋಗಿ ಆರುತ್ತಿದ್ದ ಬತ್ತಿಯನ್ನು ಸರಿಮಾಡಿದಳು.

"ನಿಮಗೆ ಬೇಗ ಒಂದು ಕೆಲಸ ಸಿಗ್ಲಿ ಅಂತ," ಎಂದಳು. ಆಮೇಲೆ ಅವನ ಕೊರಳಿನತ್ತ ಕೈ ನೀಡಿದಳು. "ಆ ಗೇಟ್ ಕಾರ್ಡ್ ತೆಗೆದು ಕೊಡಿ ಇಲ್ಲಿ. ವಾಪಸ್ ಕಳಿಸ್ಬೇಕಂತೆ, ಆಫೀಸಿನವರು ಆ ಸೋಮವಾರವೇ ಫೋನ್ ಮಾಡಿದ್ರು."