ಪುಕ್ಕಟೆ ದೊಡ್ಡಪತ್ರೆ

ಸಂತೆಯ ಕಮಾನು ದಾಟಿದೊಡನೆ ಎಲ್ಲರಿಗೂ ಆಗುವಂತೆ ಪಂಕಜಾಕ್ಷಿಯ ಆಸೆ, ಭಯ, ಮುಲಾಜು ಮೂರೂ ನಿದ್ದೆ ಹೋದವು. ಬೇಟೆಯಾಡಿ ಬದುಕುತ್ತಿದ್ದ ಕಾಲದಿಂದ ಬಂದ ಆ ಬುದ್ಧಿಗಳನ್ನು ಹೊರಗೇ ಬಿಟ್ಟು ವ್ಯಾಪಾರ ಮಾಡಬೇಕೆಂಬುದು ಕಾನೂನು. ಚೌಕಾಸಿ ಇಲ್ಲ, ಕೊಸರೂ ಇಲ್ಲ.

ಸೊಪ್ಪು ಮಾರುವ ಮುನಿಲಕ್ಷ್ಮಮ್ಮ ಎರಡು ಕಟ್ಟು ದಂಟಿನ ಸೊಪ್ಪು ಕೊಟ್ಟು, ಮೇಲೊಂದು ಕಾಗದದ ಪೊಟ್ಟಣ ಇಟ್ಟಳು.

"ಇದನ್ನ ನಾನು ಕೇಳಿಲ್ವಲ್ಲಕ್ಕ."

"ನಿನ್ನ ಹೆಸರು ಬರ್ದೈತೆ. ಬೆಳಿಗ್ಗೆ ಮನೇಲಿ ನಾನೇ ಕಟ್ಟಿಕ್ಕಿದ್ದೆ. ಯಾಕೆ ಅಂತ ಈಗ ಹೊಳೀತಿಲ್ಲ. ತಗೊಂಡೋಗು."

ಪಂಕಜಾಕ್ಷಿ ಅದನ್ನು ಚೀಲಕ್ಕೆ ಹಾಕಿಕೊಂಡು ಕಮಾನಿನಿಂದ ಹೊರಬಂದಳು. ಎದೆ ಎಚ್ಚರವಾಯಿತು. ಪೊಟ್ಟಣ ಬಿಚ್ಚಿದರೆ ದೊಡ್ಡಪತ್ರೆ ಎಲೆ! ಹೋದ ವಾರ ಬಸ್ಸಿನಲ್ಲಿ ತಾನು ಅವಳೆದುರು ಮಗಳ ಕೆಮ್ಮಿನ ಮಾತೆತ್ತಿದ್ದಳಷ್ಟೆ, ಪುಣ್ಯಾತ್ಗಿತ್ತಿ ನೆನಪಿಟ್ಟುಕೊಂಡಿದ್ದಳು. ಪಂಕಜಾಕ್ಷಿಯ ಕಣ್ಣು ತುಂಬಿತು.

ಮತ್ತೆ ಒಳಗೆ ಹೋದರೆ ಈ ಋಣವೂ ನಿದ್ದೆ ಹೋಗುತ್ತದೆ. ಹೊರಗೇ ನಿಂತು ಕೂಗಿದಳು: "ಅಕ್ಕಾ, ನಿನ್ನ ಹೊಟ್ಟೆ ತಣ್ಣಗಿರ್ಲಿ!"

ಮುನಿಲಕ್ಷ್ಮಮ್ಮ ಬೊಂಬೆಯಂತೆ ನೋಡಿ, "ಆಯ್ತು" ಎಂದಳು.

ಪರವಾಗಿಲ್ಲ, ಮಾತು ಕಿವಿಗೆ ಬಿದ್ದಿದೆ. ಸಂಜೆ ಖಾಲಿ ಬುಟ್ಟಿ ಹೊತ್ತು ಕಮಾನು ದಾಟಿದ ಕೂಡಲೇ ಅವಳ ಕಣ್ಣೂ ತುಂಬುತ್ತದೆ.