ಶಾಲೆಯಂಗಳದ ಚಂದ್ರ

ಆ ಮಾತು ಆಡಿದ್ದು ನಾನೋ ಪಕ್ಕದವನೋ, ಈಗ ಆಣೆಯಿಟ್ಟು ಹೇಳಲಾರೆ. ಆದರೆ ಇಂದಿಗೂ ನಮ್ಮ ರೇಷ್ಮೆಯೂರು ವಿಜಯಪುರದಲ್ಲಿ ಬಸ್ಸಿಳಿದು, ಬೇಯುವ ರೇಷ್ಮೆಗೂಡಿನ ನಾತ ಮೂಗಿಗೆ ಬಡಿದರೆ, ಆ ಮಧ್ಯಾಹ್ನ ನೆನಪಾಗುತ್ತದೆ.

ಮೇಷ್ಟ್ರು ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ನಮ್ಮನ್ನೇ ಗ್ರಹಗಳಾಗಿ ಓಡಿಸುತ್ತಿದ್ದರು. ನಾನು ಭೂಮಿ. ನನ್ನ ಕೈ ಹಿಡಿದು ಸುತ್ತುತ್ತಿದ್ದ ಚಂದ್ರ, ಗೂಡು ಬೇಯಿಸುವವರ ಮಗಳು ಗೌರಿ.

“ಸಾರ್, ಇವಳು ಹುಳದ ನಾತ ಹೊಡೀತಾಳೆ!”

ಎಲ್ಲರೂ ನಕ್ಕರು. ಮೇಷ್ಟ್ರೂ ಮೂಗು ಮುಚ್ಚಿಕೊಂಡರು. “ಕೈ ಬಿಡಮ್ಮ. ಆ ಕಡೆ ಮುಖ ಮಾಡ್ಕೊಂಡು ದೂರದಿಂದ್ಲೇ ಸುತ್ತು.”

“ನಿಮ್ಮಮ್ಮನ ರೇಷ್ಮೆ ಸೀರೆನೂ ಇದೇ ಹುಳದ್ದೇ ಕಣೋ,” ಎಂದ ಗೌರಿ ನನಗೆ ಬೆನ್ನು ಹಾಕಿ ಸುತ್ತತೊಡಗಿದಳು. ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡದ್ದು ಮಾತ್ರ ನಾನೇ.

ಆಮೇಲೆ ಪುಸ್ತಕ ನೋಡಿ ಖಚಿತಪಡಿಸಿಕೊಂಡದ್ದು ಇಷ್ಟು: ಚಂದ್ರ ಸುತ್ತುವಷ್ಟು ಕಾಲವೂ ಭೂಮಿಯ ಕಡೆಗೇ ಮುಖ ಮಾಡಿಕೊಂಡಿರುತ್ತಾನೆ.